ರತ್ನಮ್ಮನ ಎಮ್ಮೆ ಹಾಲು

ಸಿಂಚನಾ, ಮಂಜುನಾಥ — ರತ್ನಮ್ಮ ಹಾಲಿಗೆ ನೀರು ಬೆರೆಸಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಂಜನಗೂಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನಿಮ್ಮ ತಾತ ದೇವನೂರಿನ ಹಾಲಿನ ಕೇಂದ್ರಕ್ಕೆ, ಯಂತ್ರ ಅಳೆದ ಜಿಡ್ಡನ್ನು — ಹಾಲಿನ ಕೊಬ್ಬಿನಂಶವನ್ನು — ಓದಿ ದರ ಕಟ್ಟುವ ಪ್ರೋಗ್ರಾಂ ಬರೆದುಕೊಟ್ಟಿದ್ದರು. ಹೆಡತಲೆಯ ಶಾಲೆ ಬಿಟ್ಟರೆ ಬೇರೆ ಓದು ಕಾಣದ ನಾನು ಅವರ ಪಕ್ಕ ಕೂತೇ ಕೋಡ್ ಕಲಿತೆ. ಅವರು ಹೋದ ಮೇಲೆ ಅದನ್ನು ನೋಡಿಕೊಳ್ಳುವವಳು ನಾನೇ. ಮುಟ್ಟಬೇಡ, ಕೆಡಿಸುತ್ತೀಯ ಎಂದರು ಎಲ್ಲರೂ. ಮುಟ್ಟಿದೆ.

ರತ್ನಮ್ಮ ದಿನವೂ ಕೇಂದ್ರದ ಸಾಲಿನಲ್ಲಿ ತನ್ನ ಓರಗಿತ್ತಿಯ ಹಿಂದೆಯೇ ನಿಂತು ಹಾಲು ಅಳೆಯುತ್ತಿದ್ದಳು. ಓರಗಿತ್ತಿಯದು ಸೀಮೆಹಸುವಿನ ತೆಳು ಹಾಲು. ಊರಿನಲ್ಲಿ ಎಮ್ಮೆ ಸಾಕಿದವಳು ರತ್ನಮ್ಮ ಒಬ್ಬಳೇ. ಚೀಟಿಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಜಿಡ್ಡು. ಎಮ್ಮೆ ಹಾಲಿಗೆ ಇಷ್ಟು ಕಮ್ಮಿ ಜಿಡ್ಡೇ, ನೀರು ಬೆರೆಸುವವಳೆಂದು ಕೇಂದ್ರದವರು ಅವಳನ್ನು ಬಿಡಿಸಿದರು. ಅವಳು ನೇರ ನನ್ನ ಅಂಗಡಿ ಬಾಗಿಲಿಗೆ ಬಂದಳು.

“ಎಮ್ಮೆ ಕೆಚ್ಚಲು ಮುಟ್ಟಿ ಆಣೆ ಇಡ್ತೀನಿ ಕಣಕ್ಕ, ಒಂದು ತೊಟ್ಟು ನೀರು ಆಕಿಲ್ಲ. ನಿನ್ ಕಂಪ್ಯೂಟ್ರುನ ಒಸಿ ಕೇಳು.”

“ಅದು ಸುಳ್ಳಾಡಲ್ಲ ಕಣಮ್ಮ,” ಎಂದೆ — ನಾನು, ಎದುರು ನಿಂತವರ ಮುಖ ನೋಡಿ ಮಾತಾಡಲೂ ನಾಚುವವಳು.

ಆದರೂ ಅವಳ ಮಾತು ಚುಚ್ಚಿತು. ಪರೀಕ್ಷಿಸೋಣವೆಂದರೆ — ಜಿಡ್ಡು ಓದುವುದೆಲ್ಲ ಸ್ಟ್ಯಾಟಿಕ್ ಮೆಥಡ್, ಅಂದರೆ ಇಡೀ ಪ್ರೋಗ್ರಾಮಿಗೆ ಒಂದೇ ಆಗಿ, ಬದಲಿ ಕೂರಿಸಲಾಗದ ಕೋಡ್. ದರ ಕಟ್ಟುವ ಕೋಡ್ ಅದನ್ನು ಹೆಸರು ಹಿಡಿದು ನೇರವಾಗಿ ಕರೆಯುತ್ತಿತ್ತು. ನಿಜವಾದ ಯಂತ್ರ, ನಿಜವಾದ ಹಾಲು ಇಲ್ಲದೆ ಪ್ರೋಗ್ರಾಂ ಅಲುಗಾಡದು. ಎರಡರ ನಡುವೆ ಒಂದು ತೆಳುವಾದ ಕ್ಲಾಸ್, ಮಾತು ದಾಟಿಸುವ ಕೋಡಿನ ತುಣುಕು, ಇಟ್ಟೆ. ಇನ್ನು ದರದ ಕೋಡ್ ಅದನ್ನೇ ಕೇಳಬೇಕು. ಕೇಂದ್ರದಲ್ಲಿ ಅದು ಯಂತ್ರವನ್ನು ಕರೆಯುತ್ತದೆ. ಪರೀಕ್ಷೆಯಲ್ಲಿ ಅದರ ಜಾಗಕ್ಕೆ, ನಾನು ಹೇಳಿಕೊಟ್ಟಂತೆ ಉತ್ತರಿಸುವ ಹುಸಿ ಯಂತ್ರ. ಮೊದಲನೆಯವಳಿಗೆ ತೆಳು ಹಾಲು ಅನ್ನು, ಎರಡನೆಯವಳಿಗೆ ತಡಮಾಡು ಎಂದೆ — ಗಟ್ಟಿ ಹಾಲಿಗೆ ಕೇಂದ್ರದ ಯಂತ್ರ ತಡವರಿಸುವುದನ್ನು ಕಂಡಿದ್ದೆ, ಹಾಗೆ. ಕೋಡ್ ಕಾಯಲಿಲ್ಲ. ಎಲ್ಲರಿಗೂ ಒಂದೇ ಆಗಿದ್ದ ಸ್ಟ್ಯಾಟಿಕ್ ಜಾಗದಲ್ಲಿ ಹಿಂದಿನವಳ ಜಿಡ್ಡು ಉಳಿದಿತ್ತು. ಅದನ್ನೇ ಎತ್ತಿ ಕೊಟ್ಟಿತು.

ತಪ್ಪು ನಿಮ್ಮ ತಾತನದು. ಸತ್ತವರ ಹೆಸರು ಕೆಡಬಾರದೆಂದು — ಇಲ್ಲ, ನೆಪ ಬೇಡ. ಸದ್ದಿಲ್ಲದೆ ತಿದ್ದಿದೆ, ಸುಮ್ಮನಾದೆ. ರತ್ನಮ್ಮ ಎಮ್ಮೆ ಮಾರಿ ಮುಡುಕುತೊರೆಯ ತವರಿಗೆ ಹೋದಳು. ದೇವನೂರಿನಲ್ಲಿ ಇವತ್ತಿಗೂ ಅವಳು ನೀರಿನ ರತ್ನಮ್ಮ...

“ಅಪ್ಪನ ಎಸ್ರು ಯಾಕವ್ವ ಈಗ ಎತ್ತೀಯೆ?” ಅನ್ನುತ್ತಾನೆ ನಿಮ್ಮಪ್ಪ. ಎತ್ತುತ್ತೇನೆ. ಕೋಡ್ ಮುಟ್ಟಿದ್ದಕ್ಕೆ ನನಗೆ ನಾಚಿಕೆಯಿಲ್ಲ, ಮುಚ್ಚಿಟ್ಟಿದ್ದಕ್ಕೆ ಇದೆ. ನಾಳೆ ಟಿ. ನರಸೀಪುರದ ಬಸ್ಸು ಹತ್ತಿ ಮುಡುಕುತೊರೆಗೆ, ರತ್ನಮ್ಮನಲ್ಲಿಗೆ ಹೋಗುತ್ತೇನೆ. ಆಮೇಲೆ ದೇವನೂರಿನ ಕೇಂದ್ರದ ಮುಂದೆ, ಹಾಲು ಹಿಡಿದು ನಿಂತ ಸಾಲಿನ ಎದುರು ಹೇಳುತ್ತೇನೆ — ಅವಳು ಜೊತೆಗೆ ಬಂದರೂ ಸರಿ, ಬರದಿದ್ದರೂ ಸರಿ.

ಅಲ್ಲಿ ನನ್ನ ದನಿ ನಡುಗಿ ನಿಂತರೆ, ಉಳಿದದ್ದನ್ನು ನೀವು ಓದಬೇಕು. ಈ ಹಾಳೆಗಳನ್ನು ಜೋಪಾನ ಮಾಡಿ.