ಟೇಲರಣ್ಣನ ಉಪ್ಪುನೀರು

ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರವನ್ನೇ ನಂಬಿ ಬದುಕಿದ ಟೇಲರಣ್ಣನಿಗೆ ಕರೆಂಟು ಹೋದರೆ ಕೆಲಸದ ಚಿಂತೆಯಿರಲಿಲ್ಲ. ಜೀವ ಬಾಯಿಗೆ ಬರುತ್ತಿದ್ದುದು ನಡುಮನೆಯ ಉಪ್ಪುನೀರಿನ ತೊಟ್ಟಿಯಲ್ಲಿದ್ದ ಎರಡು ಕಿತ್ತಳೆ ಬಣ್ಣದ ಮೀನುಗಳಿಗಾಗಿ. ಒಂಬತ್ತು ವರ್ಷದಿಂದ ಸಾಕಿದವು ಅವು. ಆ ದಿನ ಬೆಳಿಗ್ಗೆ ಎಂಟಕ್ಕೆ ಹೋದ ಕರೆಂಟು ಮಧ್ಯಾಹ್ನವಾದರೂ ಬರಲಿಲ್ಲ. ಪಂಪು ನಿಂತ ನೀರಿಗೆ ಗಾಳಿ ಸೇರಲೆಂದು ಅವನು ಸ್ಟೂಲಿನ ಮೇಲೆ ಕೂತು, ಚೊಂಬಿನಲ್ಲಿ ತೊಟ್ಟಿಯ ನೀರೆತ್ತಿ, ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುತ್ತಿದ್ದ.

“ನನ್ನ ಚಹಾನ ಒಂದು ದಿನವಾದ್ರೂ ಹೀಗೆ ಆರಿಸಿಕೊಟ್ಟಿದ್ದೀರಾ?” ಎಂದಳು ಹೆಂಡತಿ. ಹಾಗೆಂದರೂ ಅವನ ಕೈ ಸೋತಾಗ ಚೊಂಬು ಹಿಡಿಯುತ್ತಿದ್ದವಳು ಅವಳೇ.

ಮೂರು ಗಂಟೆಗೆ ಫ್ಯಾನು ತಿರುಗಿತು. ಬೆಳಿಗ್ಗೆಯೇ ಅವನು ಆಫ್ ಮಾಡಿಟ್ಟಿದ್ದ ಫಿಲ್ಟರಿನ ಸ್ವಿಚ್ಚಿಗೆ ಅವಳು ಸಂಭ್ರಮದಿಂದ ಕೈಚಾಚಿದಳು.

“ಏಯ್, ತಡಿ ತಡಿ! ಫಿಲ್ಟರಿನ ಡಬ್ಬದೊಳಗೆ ಏಳು ಗಂಟೆ ನಿಂತ ನೀರು ಕೊಳೆತಿರತ್ತೆ. ಅದು ತೊಟ್ಟಿಗೆ ಬಿದ್ರೆ ಬೆಳಗಿನಿಂದ ಮಾಡಿದ್ದೆಲ್ಲ ನೀರುಪಾಲು!”

ಫಿಲ್ಟರಿನ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಆ ನೀರನ್ನು ಬಚ್ಚಲಿಗೆ ಚೆಲ್ಲಿ, ಒಳಗಿನ ಸ್ಪಂಜನ್ನು ತೊಟ್ಟಿಯಿಂದ ಬಕೆಟ್ಟಿಗೆ ತೆಗೆದ ಉಪ್ಪುನೀರಿನಲ್ಲಿ ಅದ್ದಿ ಹಿಂಡಿ, ಡಬ್ಬಕ್ಕೆ ತೊಟ್ಟಿಯ ನೀರು ತುಂಬಿದ ಮೇಲೆ ಅವನೇ ಸ್ವಿಚ್ಚು ಒತ್ತಿದ. ನೀರು ಅಲುಗಿತು. ಕಲ್ಲಿನ ಸಂದಿಯಿಂದ ಮೊದಲು ದೊಡ್ಡ ಮೀನು, ಆಮೇಲೆ ಚಿಕ್ಕದು ಹೊರಬಂದು, ಗಾಜಿಗೆ ಒತ್ತಿಕೊಂಡಿದ್ದ ಅವನ ಮುಖದೆದುರು ಬಾಯಿ ಬಿಟ್ಟವು.

ಟೇಲರಣ್ಣ ನೆಮ್ಮದಿಯ ಉಸಿರುಬಿಟ್ಟು ಅಡುಗೆಮನೆಗೆ ಹೋದ. ಚಹಾ ಮಾಡಿ, ಲೋಟದಿಂದ ಲೋಟಕ್ಕೆ ಎತ್ತರದಿಂದ ಹೊಯ್ದು ಆರಿಸಿ, ಹೆಂಡತಿಯ ಮುಂದಿಟ್ಟ.

“ಉಪ್ಪು ಹಾಕಿಲ್ಲ ತಾನೇ?” ಎಂದಳು ಅವಳು.