ಕೂಮಾದಲ್ಲಿ ನಾನು ಹಿಡಿದ ಜಿಲೇಬಿ

ಮೇ ತಿಂಗಳ ಕೊನೆಯ ಶನಿವಾರ ಬೆಳಗಿನ ಐದಕ್ಕೆ ಸ್ಕೋಫೀಲ್ಡ್ಸ್‌ನ ಮನೆ ಬಿಟ್ಟೆವು, ನಾನು ಮತ್ತು ಹದಿಮೂರರ ಮಗಳು ನಿಧಿ. ಕೂಮಾ ಪಟ್ಟಣಕ್ಕೆ ನಾನೂರು ಚಿಲ್ಲರೆ ಕಿಲೋಮೀಟರ್. ನನ್ನ ಕಾಲೇಜು ಗೆಳೆಯ ಮಂಜು ಮೆಲ್ಬರ್ನ್‌ನಿಂದ ಅಲ್ಲಿಗೆ ಬರುವವನಿದ್ದ. ವರ್ಷಕ್ಕೊಮ್ಮೆ ಎರಡೂ ಊರುಗಳ ನಡುವೆ ಎಲ್ಲಾದರೂ ಸೇರುವುದು ನಮ್ಮ ರೂಢಿ. ಈ ಸಲ ಮೀನು ಹಿಡಿಯೋಣ ಎಂದವನು ನಾನೇ. ಹುಬ್ಬಳ್ಳಿಯ ಮಂಜು ಮೀನು ಮುಟ್ಟುವವನಲ್ಲ. ಹಿಡಿಯುವವರನ್ನು ನೋಡಿ ನಗುವುದಕ್ಕೇ ಏಳು ಗಂಟೆ ಕಾರು ಓಡಿಸಿದ್ದ.

ಮೂರು ದಿನದ ಲೈಸೆನ್ಸ್‌ಗೆ ಏಳು ಡಾಲರ್ ಕಟ್ಟಿ, ಮೂರು ಪ್ರಿಂಟ್ ತೆಗೆದಿದ್ದೆ. ಒಂದು ಪರ್ಸಿನಲ್ಲಿ, ಒಂದು ಕಾರಿನಲ್ಲಿ, ಅವೆರಡೂ ಕಳೆದರೆ ಇರಲಿ ಎಂದು ಮತ್ತೊಂದು ಚಪಾತಿ ಡಬ್ಬಿಯ ಕೆಳಗೆ. ನಿಯಮಗಳನ್ನೂ ಓದಿದ್ದೆ. ಟಿಲಾಪಿಯಾ ಈ ದೇಶದ ನದಿಗಳಿಗೆ ಪಿಡುಗು. ಸಿಕ್ಕರೆ ಜೀವಂತ ಬಿಡಬಾರದು. ಅದು ನಮ್ಮ ಹರಿಹರದ ಜಿಲೇಬಿ ಮೀನೇ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವನಿಗೆ ಜಿಲೇಬಿಯ ಗುರುತು ಯಾರೂ ಹೇಳಿಕೊಡಬೇಕಿಲ್ಲ ಎಂದು ಗೋಲ್ಬರ್ನ್ ದಾಟುವವರೆಗೂ ಮಗಳಿಗೆ ಕೊರೆಯುತ್ತಲೇ ಇದ್ದೆ.

ಹನ್ನೊಂದಕ್ಕೆ ಕೂಮಾದ ಹೊರಗಿನ ನದಿ ತಲುಪಿದಾಗ ಆರು ಡಿಗ್ರಿ. ಮೇ ಕೊನೆಯೆಂದರೆ ಇಲ್ಲಿ ಚಳಿಗಾಲದ ಬಾಗಿಲು. ನೀರು ಬೆರಳು ಕಚ್ಚುತ್ತಿತ್ತು. ಒಂದೂವರೆ ಗಂಟೆ ಗಾಳದ ದಾರ ಅಲುಗಲಿಲ್ಲ. ಮಂಜು ಮಡಚುವ ಕುರ್ಚಿಯಲ್ಲಿ ಕೂತು ಶೇಂಗಾ ಹೋಳಿಗೆ ಮುರಿಯುತ್ತಾ, "ಏನಪಾ ಪಂಡಿತ, ಅವಕ್ಕೂ ಥಂಡಿ ಹತ್ತೇತಿ. ಒಳಗ ಕಂಬಳಿ ಹೊದ್ದು ಮಲಗ್ಯಾವ" ಎಂದ.

ಆಮೇಲೆ ಒಂದು ಕಾರ್ಪ್ ಸಿಕ್ಕಿತು. ಅದೂ ಪಿಡುಗೇ. ದುಂಡುಗಲ್ಲಿನಿಂದ ತಲೆಗೆ ಒಂದೇ ಏಟು ಹಾಕಿದೆ. ನಿಧಿ ಮುಖ ತಿರುಗಿಸಿದಳು.

ಮುಂದಿನದು ಅಗಲ ಮೈಯ, ಬೂದುಗಪ್ಪಿನ ಮೀನು. ಜಿಲೇಬಿ ಎಂದು ಘೋಷಿಸಿಬಿಟ್ಟೆ. ನಿಧಿ ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಅಪ್ಪಾ, ಆರ್ ಯೂ ಶ್ಯೂರ್? ಇದರ ಕಣ್ಣಿನ ಸುತ್ತ ವೈಟ್ ರಿಂಗ್ ಇದೆ. ಮೇಲೆ ಹೋಗಿ ಸಿಗ್ನಲ್ ಸಿಕ್ಕಿದ್ರೆ ಚೆಕ್ ಮಾಡ್ತೀನಿ. ಪ್ಲೀಸ್, ವೆಯ್ಟ್."

"ಮೀನಿನ ವಿಷಯ ನನಗೆ ಹೇಳ್ಕೊಡ್ಬೇಡ" ಎಂದು ಕಲ್ಲು ಎತ್ತಿ ಏಟು ಹಾಕಿದೆ.

ಸ್ವಲ್ಪ ಕೆಳಗೆ ಗಾಳ ಹಾಕಿದ್ದ ಮುದುಕಿಯೊಬ್ಬಳು ರಬ್ಬರ್ ಬೂಟು ಎಳೆಯುತ್ತಾ ಬಂದಳು. ಹೆಸರು ಜೂಡಿಯಂತೆ. ಏನು ಸಿಕ್ಕಿತು ಎಂದು ಕೇಳಿದಳು. ಟಿಲಾಪಿಯಾ, ನಿಮ್ಮ ನದಿಗೆ ಉಪಕಾರ ಮಾಡಿದ್ದೇನೆ ಎಂಬ ಧಾಟಿಯಲ್ಲಿ ತೋರಿಸಿದೆ. ಅವಳು ಮಂಡಿಯೂರಿ ಮೀನನ್ನು ಅಂಗೈ ಮೇಲೆ ತೆಗೆದುಕೊಂಡಳು. ಇದು ಮ್ಯಾಕ್ವಾರಿ ಪರ್ಚ್, ಇಲ್ಲಿಯದೇ ಮೀನು, ಉಳಿದಿರುವುದೇ ಕೆಲವು, ಸಿಕ್ಕರೆ ಆ ಕ್ಷಣವೇ ನೀರಿಗೆ ಬಿಡಬೇಕು ಎಂದಳು. ಟಿಲಾಪಿಯಾ ಈ ನೀರಿನಲ್ಲಿ ಒಂದು ಚಳಿಗಾಲವನ್ನೂ ಕಳೆಯಲಾರದಂತೆ. ನಿಯಮಗಳನ್ನೆಲ್ಲ ಓದಿದವನಿಗೆ ಇಷ್ಟು ಹೊಳೆದಿರಲಿಲ್ಲ.

"ಹಿಡಿದಾಗ ಜೀವ ಇತ್ತಾ?" ಎಂದು ಕೇಳಿದಳು.

ಸಿಟಿಜನ್ ಆಗಿ ಹತ್ತು ವರ್ಷವಾದರೂ ಆ ಗಳಿಗೆಯಲ್ಲಿ ಈ ದೇಶದಲ್ಲಿ ನೆಲೆಸಲು ಕೊಟ್ಟಿದ್ದ ಪಿಆರ್ ರದ್ದಾದಂತೆ ಕಂಡಿತು. "ಇಲ್ಲ, ಮೇಲೆ ಬರುವಾಗಲೇ ಸತ್ತಿತ್ತು" ಎಂದೆ. ಕಲ್ಲು ಇನ್ನೂ ನನ್ನ ಕೈಯಲ್ಲೇ ಇತ್ತು.

ಜೂಡಿ ಕಲ್ಲನ್ನು ನೋಡಿದಳು. ಟೋಪಿ ಕೆಳಗೆಳೆದುಕೊಂಡು ಹೊರಟುಹೋದಳು. ನಗುವುದಕ್ಕೇ ಬಂದಿದ್ದ ಮಂಜು ನಗಲಿಲ್ಲ. ನಿಧಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸಂಜೆ ನದಿಯ ಹತ್ತಿರ ಗ್ಲೌಸ್ ಬಿಟ್ಟುಬಂದೆ ಎಂದು ಮಂಜುವನ್ನು ಕರೆದುಕೊಂಡು ಹೋಗಿ ಬಂದವಳು, ನಾವು ಬಾಡಿಗೆಗೆ ಹಿಡಿದಿದ್ದ ಕ್ಯಾಬಿನ್‌ನಲ್ಲಿ ಬೇಗ ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ಮೈನಸ್ ಮೂರು. ಕಾರಿನ ಗಾಜಿಗೆ ಕಟ್ಟಿದ ಹಿಮದ ಪದರವನ್ನು ಹಳೇ ಲೈಬ್ರರಿ ಕಾರ್ಡಿನಿಂದ ಕೆರೆದು ಒಬ್ಬನೇ ನದಿಗೆ ಹೋದೆ. ಜೂಡಿ ನಿನ್ನೆಯ ಜಾಗದಲ್ಲೇ ಇದ್ದಳು. ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತು, ಜೀವ ಇತ್ತು, ನಾನೇ ಕೊಂದೆ ಎಂದಷ್ಟೇ ಹೇಳಿದೆ. ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು.

"ಗೊತ್ತು. ನಿನ್ನೆ ಸಂಜೆ ನಿನ್ನ ಮಗಳು ಬಂದಿದ್ದಳು. ಅಪ್ಪ ಒಳ್ಳೆಯದಾಗಲಿ ಅಂತಲೇ ಕೊಂದದ್ದು, ಹೆದರಿ ಸುಳ್ಳು ಹೇಳಿದ, ಅವನು ಎಲ್ಲದಕ್ಕೂ ಹೆದರ್ತಾನೆ, ಸಾರಿ, ಅಂದಳು."

ಮೀನುಗಾರಿಕೆ ಇಲಾಖೆಗೆ ಮಾತ್ರ ನೀನೇ ತಿಳಿಸು ಎಂದಳು. ಸಿಹಿ ಚಹಾ ಕುಡಿದು ಮುಚ್ಚಳ ಹಿಂದಿರುಗಿಸಿದೆ. ಕೂಮಾದಲ್ಲಿ ಸಿಗ್ನಲ್ ಬಂದ ಮೇಲೆ ಫೋನ್ ಮಾಡಿದೆ. ಭಾನುವಾರವಾದ್ದರಿಂದ ಸಂದೇಶ ದಾಖಲಿಸುವ ಯಂತ್ರಕ್ಕೇ ತಪ್ಪೊಪ್ಪಿಕೊಂಡು, ನನ್ನ ಹೆಸರನ್ನು ಅಕ್ಷರ ಬಿಡಿಸಿ ಎರಡು ಸಲ ಹೇಳಿದೆ.

ಮಂಜು ಮೆಲ್ಬರ್ನ್ ದಾರಿ ಹಿಡಿದ. ನಾವು ಉತ್ತರಕ್ಕೆ ತಿರುಗಿದೆವು. ನಿಧಿ ಹಿಂದಿನ ಸೀಟಿನಲ್ಲಿದ್ದಳು. ಗೋಲ್ಬರ್ನ್ ಹತ್ತಿರ ಬಂದಾಗ, ಜೂಡಿಗೆ ನಿಜ ಹೇಳಿದೆ, ನೀನು ಮೊದಲೇ ಹೇಳಿದ್ದು ಗೊತ್ತಾಯಿತು ಎಂದೆ.

"ಯಾರಾದ್ರೂ ಹೇಳ್ಬೇಕಿತ್ತಲ್ಲ" ಎಂದು ಅವಳು ಕಿಟಕಿಗೆ ತಿರುಗಿದಳು.

ಬಿಟ್ಟುಬಂದ ಬೆಟ್ಟಗಳನ್ನು ಕೊನೆಯ ಸಲ ನೋಡೋಣವೆಂದು ಕನ್ನಡಿಗೆ ಕಣ್ಣು ಹಾಕಿದೆ. ಅದರ ತುಂಬ ಅವಳ ಮುಖವಿತ್ತು. ನಾನು ರಸ್ತೆ ನೋಡಿದೆ.