ಟಗರಿಗೆ ಬೈದ ಬುರುಲ್ಚಾ

ನಮ್ಮೂರು ಕೊಚ್ಕೋರ್‌ನ ಸಂತೆಯಲ್ಲಿ ಬುರುಲ್ಚಾಳ ಪಕ್ಕ ಕೂತು ಹನ್ನೊಂದು ವರ್ಷ ಉಣ್ಣೆಯ ಕಾಲುಚೀಲ ಮಾರಿದ್ದೇನೆ. ಅವಳು ಮಾರುತ್ತಿದ್ದದ್ದು ಮಕ್ಸಿಮ್, ಹುರಿದ ಜವೆಗೋಧಿಯನ್ನು ಕುದಿಸಿ ಹುಳಿ ಬರಿಸಿದ ಪಾನೀಯ. ಇಡೀ ಸಂತೆಗೆ ಅವಳು 'ಎಜೆ', ಅಂದರೆ ಅಕ್ಕ. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವನಿದ್ದ ತಮ್ಮ ಜನಿಶನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದಳು.

ಜನಿಶ್ ಕಟ್ಟಡ ಕೆಲಸಕ್ಕೆಂದು ಸೈಬೀರಿಯಾಕ್ಕೆ ಹೋದ. ವಸಂತದ ಹೊಸವರ್ಷ ನೊರೂಜ್ ಹಬ್ಬದ ದಿನ ಫೋನ್ ಮಾಡಿ, "ಏನ್ ಎಜೆ, ಈ ಸಲಾನೂ ಪಾಯಸ ತಳ ಹತ್ತಿಸಿದ್ರಾ?" ಎಂದು ರೇಗಿಸಿದ್ದೇ ಕೊನೆ. ತಿಂಗಳಾದ ಮೇಲೆ ಎಜೆ ಮಾಡಿದರೆ ಅವನ ನಂಬರು ಹತ್ತಲಿಲ್ಲ.

ಅಂದಿನಿಂದ ಪ್ರತಿ ಶುಕ್ರವಾರ ಎಜೆ ಕೈ ಒರೆಸಿಕೊಂಡು ನನ್ನ ಬಳಿ ಬರುವಳು. "ಜಿಪಾರ್, ಇನ್ನೊಂದ್ಸಲ ಹಾಕಮ್ಮ."

ನಾನು ಜನಿಶನ ಫೋಟೊ ಜಾಲತಾಣಕ್ಕೆ ಹಾಕುತ್ತಿದ್ದೆ. ಚರ್ಮದ ಕೋಟು, ಕುದುರೆ ಒದ್ದು ಎರಡು ಸೀಳಾದ ಎಡಹುಬ್ಬು, ಕೆಳಗೆ 'ಇವನನ್ನು ಕಂಡಿರಾ?' ಎರಡೂವರೆ ವರ್ಷ ಹಾಕಿದೆ. ಒಂದು ಸಲಕ್ಕೂ ಐವತ್ತು ಜನ ನೋಡಲಿಲ್ಲ, ನೋಡಿದವರೂ ನೆಂಟರೇ. ಒಮ್ಮೆ ಮಾತ್ರ ಗುರುತಿಲ್ಲದವರೊಬ್ಬರು ಏನೋ ಬರೆದರು. ಎಜೆ ಬಾಗಿ ನಿಂತು ಓದಿಸಿಕೊಂಡಳು. 'ಆ ಕೋಟು ಮಾರಾಟಕ್ಕಿದೆಯಾ?' ಎಂದಿತ್ತು.

ಸೆಪ್ಟೆಂಬರಿನ ಒಂದು ಶನಿವಾರ, ಕುರಿ ಸಂತೆಯ ದಿನ, ಹಗ್ಗ ಕಿತ್ತುಕೊಂಡ ಟಗರೊಂದು ಬಂದು ಎಜೆಯ ಪೀಪಾಯಿಗೆ ಗುದ್ದಿತು. ಎಜೆ ಮಕ್ಸಿಮಿನ ಮಡುವಿನಲ್ಲಿ ಕುಕ್ಕರಿಸಿದಳು. ಎದ್ದವಳೇ ಅದರ ಕೊಂಬು ಹಿಡಿದಳು.

"ಯಾರಂತ ತಿಳ್ಕೊಂಡಿದೀಯೋ ನನ್ನ? ನಿಮ್ಮಜ್ಜನ್ನ ನನ್ನ ಮದುವೇಲಿ ತಿಂದಿದೀನಿ! ನಿಮ್ಮಪ್ಪನ್ನ ನನ್ನ ತಮ್ಮ ಊರು ಬಿಟ್ಟ ದಿನ ತಿಂದಿದೀನಿ! ನಿನ್ನ ವಂಶಾನೇ ಗೊತ್ತು ನಂಗೆ. ಎಲ್ಲಿ, ಮುಖ ಎತ್ತಿ ಮಾತಾಡು!"

ಗಿರಾಕಿಯೊಬ್ಬರಿಗೆ ಕಳಿಸಲೆಂದು ನಾನು ಕಾಲುಚೀಲಗಳ ವಿಡಿಯೊ ತೆಗೆಯುತ್ತಿದ್ದೆ. ಎಲ್ಲ ಅದರಲ್ಲಿ ಬಂತು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೇ ಜಾಲತಾಣಕ್ಕೆ ಹಾಕಿದೆ. ಮರುದಿನ ಮಧ್ಯಾಹ್ನಕ್ಕೆ ನಾಲ್ಕು ಲಕ್ಷ ಜನ ನೋಡಿದ್ದರು. ವಾರದಲ್ಲಿ ಇಪ್ಪತ್ತು ಲಕ್ಷ. ಕಜಕರು ಅದಕ್ಕೆ ಸಂಗೀತ ಸೇರಿಸಿದರು, ಉಜ್ಬೇಕರು ತಮ್ಮ ಭಾಷೆ ಸೇರಿಸಿದರು. 'ನಿಮ್ಮಜ್ಜನ್ನ ತಿಂದಿದೀನಿ' ಎಂದು ಲಾರಿಯ ಹಿಂದೆ ಬರೆಸಿದವನೂ ಇದ್ದ.

ಎಜೆ ಎರಡು ದಿನ ನಾಚಿ ಮನೆಯಲ್ಲೇ ಉಳಿದಳು. ಮೂರನೆಯ ದಿನ ಬಂದು ಕೇಳಿದಳು:

"ನಾನು ಬಿದ್ದಿದ್ದನ್ನ ಎಷ್ಟು ಜನ ನೋಡಿದ್ರು?"

ಹೇಳಿದೆ.

"ಜನಿಶನ್ನ?"

"ಹೋದ ಶುಕ್ರವಾರ ಮೂವತ್ತೊಂದು ಜನ, ಎಜೆ."

ಅವಳು ಲೋಟಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. "ತಪ್ಪಲ್ಲ ಬಿಡು. ನಗು ಬಂದ್ರೆ ಪಕ್ಕದವರಿಗೂ ತೋರಿಸ್ಬೇಕು ಅನ್ನಿಸುತ್ತೆ. ಕಳೆದೋದವನ ಮುಖ ಯಾರಿಗೆ ಕಳಿಸ್ತಾರೆ? ಕಳಿಸಿದ್ರೆ ಅವರೂ ಹುಡುಕಬೇಕಾಗುತ್ತಲ್ಲ." ಆಮೇಲೆ ತಲೆ ಎತ್ತಿದಳು. "ಹಂಗಾದ್ರೆ ನಾನು ಇನ್ನೊಂದ್ಸಲ ಬೀಳ್ತೀನಿ."

ಜನಿಶನ ಫೋಟೊ ದೊಡ್ಡದು ಮಾಡಿಸಿ ತನ್ನ ತೋಳಿಲ್ಲದ ಅಂಗಿಯ ಎದೆಗೆ ಹೊಲಿದುಕೊಂಡಳು. ಕಟುಕ ತೊಕ್ತೊಸುನ್ ಹತ್ತಿರ ಟಗರು ಕೇಳಿ ತಂದಳು. ಅದು ಸಾಧು ಪ್ರಾಣಿ, ಗುದ್ದಲೇ ಒಲ್ಲದು.

"ಎಜೆ, ಅದಕ್ಕೆ ನಿಮ್ಮನ್ನ ಕಂಡ್ರೆ ಭಯ. ಅವರಜ್ಜನ ಕತೆ ಕೇಳಿರ್ಬೇಕು," ಎಂದ ತೊಕ್ತೊಸುನ್.

ಎಜೆ ತಾನೇ ಅದನ್ನು ಎಳೆದುಕೊಂಡು ಬಿದ್ದಳು. ಎದ್ದು, ಎದೆಯನ್ನು ಫೋನಿಗೆ ನೇರವಾಗಿ ಹಿಡಿದು, ಅದೇ ಬೈಗುಳ ಬೈದಳು. ಆರು ಲಕ್ಷ ಜನ ನೋಡಿದರು. 'ಎದೆ ಮೇಲಿರೋನು ಯಾರು, ಚುನಾವಣೆಗೆ ನಿಂತಿದಾನಾ?' ಎಂದು ಒಬ್ಬ ಬರೆದ. 'ಟಗರಿನ ಅಪ್ಪ ಇರ್ಬೇಕು' ಎಂದು ಇನ್ನೊಬ್ಬ. ಆ ಮಾತಿಗೇ ಒಂಬತ್ತು ಸಾವಿರ ಮೆಚ್ಚುಗೆ. ಕೆಳಗೆ ನಾನು ಬರೆದಿದ್ದ ಹೆಸರು, ಊರು, ನಂಬರನ್ನು ಯಾರೂ ಗಮನಿಸಲಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ಬಿದ್ದಳು. ಈ ಸಲ ಮಣಿಕಟ್ಟು ಮುರಿಯಿತು.

"ಸಾಕು ಎಜೆ," ಎಂದು ನಾನು ಅತ್ತುಬಿಟ್ಟೆ. "ಜನ ನಿಮ್ಮನ್ನ ನೋಡಿ ನಗ್ತಿದಾರೆ. ನಂಗೆ ತಡ್ಕೊಳ್ಳೋಕೆ ಆಗ್ತಿಲ್ಲ."

"ನಗ್ಲಿ ಬಿಡೇ. ಅಷ್ಟು ಜನರಲ್ಲಿ ಒಬ್ಬರಿಗೆ ಕಣ್ಣಿರಲ್ವಾ?"

ಒಬ್ಬರಿಗೆ ಇತ್ತು. ನವೆಂಬರಿನಲ್ಲಿ ಸೈಬೀರಿಯಾದ ಕೂಲಿಗಳ ಶಿಬಿರವೊಂದರಲ್ಲಿ ಅಡುಗೆ ಮಾಡುವ ಮೊಹಿರಾ ಎಂಬ ತಾಜಿಕ್ ಹೆಂಗಸು ನನಗೆ ಬರೆದಳು. ಟಗರಿನ ಮೊದಲ ವಿಡಿಯೊ ನೋಡಿ ತಾನೂ ನಕ್ಕಿದ್ದಳಂತೆ, ಹತ್ತಾರು ಜನಕ್ಕೆ ಕಳಿಸಿದ್ದಳಂತೆ. ಮೂರನೆಯದರಲ್ಲಿ ಆ ಸೀಳು ಹುಬ್ಬು ಕಂಡು ಗುರುತು ಹತ್ತಿತು. ಅವನು ಫೋನ್ ಮಾಡಿದ್ದ ಆ ನೊರೂಜ್ ಹಬ್ಬ ಕಳೆದು ಮೂರು ವಾರಕ್ಕೆ ಜನಿಶನ ಎದೆಗೆ ನೆಗಡಿ ಇಳಿಯಿತು, ಐದೇ ದಿನಕ್ಕೆ ತೀರಿಕೊಂಡ. ಕೆಲಸಕ್ಕೆ ಬೇರೊಬ್ಬನ ಗುರುತಿನ ಕಾಗದ ಕೊಟ್ಟು ಸೇರಿದ್ದ. ಅವನ ಫೋನು ತೆರೆಯಲು ಯಾರಿಗೂ ಆಗಲಿಲ್ಲ. ಅವನ ಊರು ಯಾವುದು, ಯಾರಿಗೆ ತಿಳಿಸಬೇಕು, ಶಿಬಿರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೊತೆಯ ಕೆಲಸಗಾರರೇ ಸ್ನಾನ ಮಾಡಿಸಿ, ನಮಾಜು ಮಾಡಿ ಮಣ್ಣು ಮಾಡಿದ್ದರು.

ಎಜೆಯ ಮನೆಗೆ ಹೋಗಿ ಅದನ್ನು ನಾನೇ ಓದಿ ಹೇಳಬೇಕಾಯಿತು. ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ಸ್ನಾನ ಮಾಡಿಸೋವಾಗ ನೀರು ಬಿಸಿ ಇತ್ತಾ, ಕೇಳು ಅವಳನ್ನ," ಎಂದಳು.

ಕೇಳಿದೆ. ಹೌದು, ತಾನೇ ಕಾಯಿಸಿಕೊಟ್ಟೆ, ಎಂದು ಮೊಹಿರಾ ಬರೆದಳು. ಆಗ ಎಜೆ ಗೋಡೆಯ ಕಡೆ ತಿರುಗಿ ದನಿ ತೆಗೆದು ಅಳತೊಡಗಿದಳು.

ನಮ್ಮ ಪದ್ಧತಿಯಂತೆ ಅಂಗಳದಲ್ಲಿ ಸಾವಿನ ಗುಡಾರ ಎದ್ದಿತು. ದೇಹವಿಲ್ಲದ್ದರಿಂದ ಅವನ ಹಳೆಯ ಟೋಪಿಯನ್ನೂ ಚಾಟಿಯನ್ನೂ ಒಳಗೆ ತೂಗುಹಾಕಿದರು. ಮೂರು ದಿನ ಅವಳು ಗೋಡೆಗೆ ಮುಖ ಮಾಡಿ ತಮ್ಮನನ್ನು ಹಾಡಿ ಹಾಡಿ ಅತ್ತಳು. ಅವನ ನಾಲ್ಕನೆಯ ವರ್ಷದಿಂದ ಹಿಡಿದು ಒಂದೊಂದನ್ನೂ ಹೇಳಿಕೊಂಡು ಅತ್ತಳು. ನನ್ನ ಫೋನು ಚೀಲದಲ್ಲೇ ಇತ್ತು. ಯಾರೂ ಏನೂ ತೆಗೆಯಲಿಲ್ಲ.

ಏಪ್ರಿಲಿನಲ್ಲಿ ಎಜೆ ಒಬ್ಬಳೇ ರೈಲು ಹತ್ತಿದಳು. ಮೊಹಿರಾ ನಿಲ್ದಾಣಕ್ಕೆ ಬಂದು ಅವಳನ್ನು ಗೋರಿಯವರೆಗೆ ಕರೆದುಕೊಂಡು ಹೋದಳಂತೆ. ಅಲ್ಲಿನ ತಗಡಿನ ಮೇಲೆ ಆ ಗುರುತಿನ ಕಾಗದದವನ ಹೆಸರಿತ್ತು. ಎಜೆ ಅದನ್ನು ಕಿತ್ತು, ಬೇರೆ ತಗಡಿಗೆ ಜನಿಶನ ಹೆಸರು ಬರೆಸಿ ನೆಟ್ಟಳು. ನಾಲ್ಕು ದಿನ ಶಿಬಿರದಲ್ಲೇ ಉಳಿದು, ಅವನಿಗೆ ಸ್ನಾನ ಮಾಡಿಸಿದವರಿಗೆಲ್ಲ ಕೈಯಾರೆ ಅಡುಗೆ ಮಾಡಿ ಬಡಿಸಿದಳು. ಮಾತು ಹೆಚ್ಚು ಆಡಲಿಲ್ಲವಂತೆ. ಹೊರಡುವಾಗ ಒಬ್ಬೊಬ್ಬರನ್ನೂ ಹತ್ತಿರ ಕರೆದು, ಅವರವರ ಅಕ್ಕತಂಗಿಯರ ಹೆಸರು ಕೇಳಿ, ನಂಬರು ಬರೆಸಿಕೊಂಡು ಬಂದಳು.